ಹಳದಿ ಮನೆಯ ಬೀದಿ ಯಾವ ಭಾಷೆ ಮಾತಾಡುತ್ತಿತ್ತು?

ಇತಿಹಾಸ ಎಂದರೆ ನಮ್ಮ ಮಕ್ಕಳ ಕಣ್ಣಮುಂದೆ ಬರುವುದು ಕೋಟೆ, ಕತ್ತಿ, ಕಿರೀಟ ಮತ್ತು ಬಾಯಿಪಾಠ ಮಾಡಬೇಕಾದ ಇಸವಿಗಳು. ಪಠ್ಯಪುಸ್ತಕದ ಚಿತ್ರಗಳೂ ಹಾಗೆಯೇ ಇರುತ್ತವೆ. ಯಾರೂ ಯುದ್ಧ ಮಾಡದ, ಯಾರೂ ಪಟ್ಟಕ್ಕೇರದ ಒಂದು ಸಾಧಾರಣ ಬೀದಿಯ ಚಿತ್ರವನ್ನು ಎದುರಿಗಿಟ್ಟು "ಇದೂ ಇತಿಹಾಸವೇ" ಎಂದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. "ಇದರಲ್ಲಿ ಏನಿದೆ ಸಾರ್?" ಎಂದು ಕೇಳುತ್ತಾರೆ. ಏನಿದೆ ಎಂಬುದನ್ನೇ ಈ ಸಲ ನೋಡೋಣ. ಅದರ ಜೊತೆಗೆ ಏನಿಲ್ಲ ಎಂಬುದನ್ನೂ ನೋಡೋಣ. ನಮ್ಮಂಥ ಗಡಿನಾಡಿನ ಕನ್ನಡ ಶಾಲೆಯವರಿಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯ.

ನಾವು ಆರಿಸಿಕೊಂಡದ್ದು 1888ರಲ್ಲಿ ಬರೆದ ಒಂದು ಜಲವರ್ಣ ಚಿತ್ರ. ಬರೆದವನು ವಿನ್ಸೆಂಟ್ ವ್ಯಾನ್ ಗೋ. ಊರು ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ, ರೋನ್ ನದಿಯ ದಡದಲ್ಲಿರುವ ಆರ್ಲ್. ಆ ಸೀಮೆಗೆ ಪ್ರೊವಾನ್ಸ್ ಎಂದು ಹೆಸರು. ಚಿತ್ರವನ್ನು ಈಗ ಜನ "ಹಳದಿ ಮನೆ" ಎಂದು ಕರೆಯುತ್ತಾರೆ. ಚಿತ್ರಕಾರ ಇದನ್ನು ಬರೀ "ಬೀದಿ" ಎಂದೂ ಕರೆದದ್ದುಂಟು. ಅವನು ಈ ದೃಶ್ಯವನ್ನು ಮೊದಲು ಸೆಪ್ಟೆಂಬರ್ ತಿಂಗಳಲ್ಲಿ ತೈಲವರ್ಣದಲ್ಲಿ ಬರೆದ. ಅದು ಈಗ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ವಸ್ತುಸಂಗ್ರಹಾಲಯದಲ್ಲಿದೆ. ಆಮೇಲೆ ಅದೇ ದೃಶ್ಯವನ್ನು ಸಣ್ಣ ಕಾಗದದ ಮೇಲೆ ನೀರು ಬಣ್ಣದಲ್ಲಿ ಬರೆದ. ನಾವು ಪ್ರಶ್ನೆಪತ್ರಿಕೆ ಮುದ್ರಿಸುವ ಎ-4 ಹಾಳೆಗಿಂತ ಅದು ಸ್ವಲ್ಪವೇ ದೊಡ್ಡದು. ಖಾಸಗಿ ಸಂಗ್ರಹದಲ್ಲಿರುವುದರಿಂದ ಇದನ್ನು ಕಣ್ಣಾರೆ ಕಂಡವರು ಕಡಿಮೆ. ದೃಶ್ಯ ಮಾತ್ರ ಲೋಕಕ್ಕೆಲ್ಲ ಪರಿಚಿತ.

ಚಿತ್ರದಲ್ಲಿ ಏನಿದೆ?

ಮೇಲೆ ಗಾಢ ನೀಲಿ ಆಕಾಶ. ಕೆಳಗೆ ಬಿಸಿಲಿಗೆ ಹಳದಿಯಾದ ಬೀದಿ. ನಡುವೆ ಮೂಲೆಯಲ್ಲಿ ಹಸಿರು ಕಿಟಕಿ ಬಾಗಿಲುಗಳ ಒಂದು ಹಳದಿ ಮನೆ. ಆ ಕಟ್ಟಡದ ಬಲಭಾಗ ವ್ಯಾನ್ ಗೋ ಬಾಡಿಗೆಗೆ ಹಿಡಿದದ್ದು, ಎಡಭಾಗ ಒಂದು ದಿನಸಿ ಅಂಗಡಿ. ಅದರಾಚೆ ಎಡಗಡೆಗೆ ಗುಲಾಬಿ ಬಣ್ಣದ ಇನ್ನೊಂದು ಮನೆ. ಅದು ಅವನು ದಿನಾ ಊಟಕ್ಕೆ ಹೋಗುತ್ತಿದ್ದ ಖಾನಾವಳಿ. ಬಲಗಡೆಗೆ ಬೀದಿ ಹಿಂದಕ್ಕೆ ಸಾಗುತ್ತದೆ, ಅದರ ತುದಿಯಲ್ಲಿ ರೈಲು ಸೇತುವೆ, ಸೇತುವೆಯ ಮೇಲೆ ಹೊಗೆ ಬಿಡುತ್ತ ಹೋಗುವ ಗಾಡಿ. ಬೀದಿಯ ಅಂಚಿನಲ್ಲಿ ಮಣ್ಣಿನ ಗುಪ್ಪೆಗಳು. ಅವು ಗ್ಯಾಸ್ ದೀಪದ ಕೊಳವೆ ಹೂಳಲು ಅಗೆದ ಮಣ್ಣು ಎಂದು ಸಂಶೋಧಕರು ಹೇಳುತ್ತಾರೆ. ಅಲ್ಲೊಬ್ಬರು ಇಲ್ಲೊಬ್ಬರು ಜನ. ಇಷ್ಟೇ.

ಮಕ್ಕಳ ಕೈಯಲ್ಲಿ ಪಟ್ಟಿ ಮಾಡಿಸಿದರೆ ಇದೊಂದರಿಂದಲೇ ಒಂದು ಪಾಠ ಆಗುತ್ತದೆ. ರೈಲು ಬಂದಿದೆ, ಗ್ಯಾಸ್ ದೀಪ ಬರುತ್ತಿದೆ, ಹೊರಗೆ ಉಣ್ಣುವ ಬಾಡಿಗೆದಾರರಿದ್ದಾರೆ, ಪರ ಊರಿನವರು ಬಂದು ಇಳಿಯುತ್ತಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಹಳೆಯ ಊರು ಹೇಗೆ ಹೊಸದಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಸಾಧಾರಣ ಬೀದಿಯನ್ನು ಏಕೆ ಬರೆಯಬೇಕು ಎಂಬ ಪ್ರಶ್ನೆ ಆಗಲೂ ಎದ್ದಿತ್ತು. ಮಿಲಿಯೇ ಎಂಬ ಸೈನ್ಯಾಧಿಕಾರಿಯೊಬ್ಬ ವ್ಯಾನ್ ಗೋನ ಸ್ನೇಹಿತ, ಅವನ ಬಳಿ ಚಿತ್ರ ಬರೆಯಲು ಕಲಿಯುತ್ತಿದ್ದವನು. ಅವನಿಗೆ ಈ ಚಿತ್ರ ಕಿಂಚಿತ್ತೂ ಹಿಡಿಸಲಿಲ್ಲ. ಅಂದಚೆಂದ ಇಲ್ಲದ ಚೌಕಾಕಾರದ ಮನೆಗಳನ್ನೂ ಒಂದು ದಿನಸಿ ಅಂಗಡಿಯನ್ನೂ ಬರೆಯುವುದರಲ್ಲಿ ಯಾರಿಗಾದರೂ ಏನು ಖುಷಿ ಎಂದು ಅವನ ತಕರಾರು. ವ್ಯಾನ್ ಗೋ ಇದನ್ನು ತಮ್ಮ ಥಿಯೋನಿಗೆ ಬರೆದ ಕಾಗದದಲ್ಲಿ ಹೇಳಿಕೊಂಡು, ಜೋಲಾ ಮತ್ತು ಫ್ಲೋಬೇರ್ ತಮ್ಮ ಕಾದಂಬರಿಗಳನ್ನು ಇಂಥದ್ದೇ ಬೀದಿಗಳಿಂದ ಶುರು ಮಾಡಲಿಲ್ಲವೇ ಎಂದು ನೆನಪಿಸಿಕೊಂಡ. ಅದೇ ಕಾಗದದಲ್ಲಿ ಚಿತ್ರದ ಚೌಕಟ್ಟಿನ ಆಚೆಗೆ ಏನಿದೆ ಎಂದೂ ಬರೆದ. ತಾನು ಆಗಷ್ಟೇ ಬರೆದು ಮುಗಿಸಿದ್ದ ರಾತ್ರಿಯ ಕಾಫಿ ಅಂಗಡಿ ಖಾನಾವಳಿಯ ಎಡಕ್ಕಿದೆ, ಚಿತ್ರದಲ್ಲಿ ಕಾಣುವುದಿಲ್ಲ. ಅಂಚೆಯ ಸ್ನೇಹಿತ ಇರುವುದು ಬೀದಿಯ ಕೊನೆಯಲ್ಲಿ, ಎರಡು ರೈಲು ಸೇತುವೆಗಳ ನಡುವೆ.

ಈ ಅಂಚೆಯವನ ಹೆಸರು ಜೋಸೆಫ್ ರೂಲ್ಯಾಂ. ರೈಲು ನಿಲ್ದಾಣದಲ್ಲಿ ಟಪಾಲು ಚೀಲ ಇಳಿಸಿ ಹತ್ತಿಸುವ ಉಸ್ತುವಾರಿ ಅವನದು. ಅವನೂ ಅವನ ಹೆಂಡತಿ ಒಗುಸ್ತೀನಳೂ ಅದೇ ಪ್ರೊವಾನ್ಸ್ ಸೀಮೆಯ ಲಂಬೆಸ್ಕ್ ಎಂಬ ಊರಿನವರು. ಮೂವರು ಮಕ್ಕಳು. ಹಿರಿಯವನು ಆರ್ಮಾಂಗೆ 17, ನಡುವಿನವನು ಕಮೀಯ್‌ಗೆ 11. ಕೊನೆಯವಳು ಮಾರ್ಸೆಲ್ ಆ ವರ್ಷವಷ್ಟೇ ಹುಟ್ಟಿದ ಕೂಸು. ವ್ಯಾನ್ ಗೋ ಈ ಮನೆಯ ಐವರ ಚಿತ್ರವನ್ನೂ ಬರೆದಿದ್ದಾನೆ. ಟೊಪ್ಪಿ ಹಾಕಿಕೊಂಡ ಹುಡುಗನ ಒಂದು ಚಿತ್ರಕ್ಕೆ "ಶಾಲಾ ಬಾಲಕ" ಎಂದೇ ಹೆಸರು. ಅದು ಬ್ರೆಜಿಲ್ ದೇಶದ ಸಾವೊ ಪಾವ್ಲೊ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಈ ಹುಡುಗನನ್ನು ನೆನಪಿಟ್ಟುಕೊಳ್ಳಿ. ನಮ್ಮ ಮಾತು ಮತ್ತೆ ಅವನ ಹತ್ತಿರ ಬರುತ್ತದೆ.

ಚಿತ್ರದಲ್ಲಿ ಏನಿಲ್ಲ?

ಚಿತ್ರದಲ್ಲಿ ಬಿಸಿಲಿದೆ, ಗೋಡೆಯಿದೆ, ಹೊಗೆಯಿದೆ. ಸದ್ದಿಲ್ಲ. ಅಂಗಡಿಯಾತ ಗಿರಾಕಿಯನ್ನು ಕೂಗುವುದು, ಅಮ್ಮ ಮಗುವನ್ನು ಗದರುವುದು, ಇಬ್ಬರು ಹೆಂಗಸರು ಕಿಟಕಿಯಿಂದ ಕಿಟಕಿಗೆ ಮಾತಾಡುವುದು... ಇದ್ಯಾವುದೂ ಬಣ್ಣಕ್ಕೆ ಸಿಗುವುದಿಲ್ಲ. ಇದೊಂದು ಮೌನದ ಬೀದಿ ಎಂದು ನೋಡುವವರು ಹೇಳುವುದು ಸಹಜ. ಆದರೆ 1888ರಲ್ಲಿ ಆ ಬೀದಿ ಮೌನವಾಗಿರಲಿಲ್ಲ. ಅದಕ್ಕೆ ತನ್ನದೇ ಒಂದು ಭಾಷೆ ಇತ್ತು, ಅದು ಫ್ರೆಂಚ್ ಆಗಿರಲಿಲ್ಲ!

ಆ ಭಾಷೆಯ ಹೆಸರು ಪ್ರೊವೆನ್ಸಾಲ್. ಒಕ್ಸಿತಾನ್ ಎಂಬ ದೊಡ್ಡ ಭಾಷಾ ಕುಟುಂಬದ ಒಂದು ಕವಲು. ಫ್ರೆಂಚಿಗೆ ಅದು ತಂಗಿಯೇ ಹೊರತು ಮಗಳಲ್ಲ. ಬೀದಿಗೆ ಫ್ರೆಂಚಿನಲ್ಲಿ "ರ್ಯೂ" ಎಂದರೆ ಪ್ರೊವೆನ್ಸಾಲಿನಲ್ಲಿ "ಕರಿಯೆರೊ". ಮನೆಗೆ ಫ್ರೆಂಚಿನಲ್ಲಿ "ಮೇಜೊಂ" ಎಂದರೆ ಇಲ್ಲಿ "ಉಸ್ತಾವ್". ಪ್ಯಾರಿಸ್ಸಿನವನಿಗೆ ಇದು ಅರ್ಥವಾಗುವ ಮಾತಲ್ಲ. ಹನ್ನೆರಡನೆಯ ಶತಮಾನದಲ್ಲಿ, ನಮ್ಮಲ್ಲಿ ಬಸವಣ್ಣ, ಅಲ್ಲಮರು ವಚನ ನುಡಿಯುತ್ತಿದ್ದ ಕಾಲಕ್ಕೆ, ಈ ಭಾಷಾ ಕುಟುಂಬದಲ್ಲಿ ಟ್ರೂಬದೂರ್ ಎಂಬ ಕವಿಗಳು ಹಾಡು ಕಟ್ಟಿ ಯೂರೋಪಿಗೆಲ್ಲ ಕವಿತೆಯ ದಾರಿ ತೋರಿಸಿದ್ದರು. ಇಟಲಿಯ ಮಹಾಕವಿ ಡಾಂಟೆ ತನ್ನ ಕಾವ್ಯದ ನಡುವೆ ಅರ್ನೌಟ್ ಡೇನಿಯಲ್ ಎಂಬ ಟ್ರೂಬದೂರ್ ಕವಿಯನ್ನು ತಂದು, ಅವನ ಬಾಯಲ್ಲಿ ಎಂಟು ಸಾಲುಗಳನ್ನು ಅವನದೇ ಭಾಷೆಯಲ್ಲಿ ಆಡಿಸಿದ. ಅಷ್ಟು ಮರ್ಯಾದೆಯ ಭಾಷೆ ಅದು.

ಅಂಥ ಭಾಷೆಗೆ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಇದ್ದ ಹೆಸರು "ಪತ್ವಾ". ಅಂದರೆ ಹಳ್ಳಿಗರ ಒರಟು ಮಾತು, ಭಾಷೆ ಎನಿಸಿಕೊಳ್ಳದ ಭಾಷೆ. ಇದಕ್ಕೆ ಹಿನ್ನೆಲೆ ಉದ್ದವಾಗಿದೆ. ಪ್ರೊವಾನ್ಸ್ ಸೀಮೆ ಫ್ರಾನ್ಸಿನ ಅರಸರ ಕೈಸೇರಿದ್ದು 1481ರಲ್ಲಿ. 1539ರಲ್ಲಿ ಅರಸನ ಆಜ್ಞೆಯಂತೆ ಕಚೇರಿ ಕಾಗದಪತ್ರಗಳೆಲ್ಲ ಫ್ರೆಂಚಿಗೆ ತಿರುಗಿದವು. ಆದರೂ ಜನ ತಮ್ಮ ಮಾತು ಬಿಡಲಿಲ್ಲ. 1794ರಲ್ಲಿ, ಮಹಾಕ್ರಾಂತಿಯ ನಡುವೆ, ಗ್ರೆಗೊಯಿರ್ ಎಂಬ ಪಾದ್ರಿ ಶಾಸನಸಭೆಗೆ ಒಂದು ವರದಿ ಕೊಟ್ಟ. ದೇಶದಲ್ಲಿ ಕನಿಷ್ಠ 60 ಲಕ್ಷ ಜನರಿಗೆ ಫ್ರೆಂಚ್ ಬರುವುದೇ ಇಲ್ಲ, ಇನ್ನೂ ಅಷ್ಟೇ ಜನ ಅದರಲ್ಲಿ ನಾಲ್ಕು ಮಾತು ಸರಾಗವಾಗಿ ಆಡಲಾರರು, ಶುದ್ಧವಾಗಿ ಆಡುವವರು 30 ಲಕ್ಷ ಮೀರುವುದಿಲ್ಲ ಎಂದು ಅವನ ಲೆಕ್ಕ. ಇದಕ್ಕೆ ಅವನು ಸೂಚಿಸಿದ ಮದ್ದು ಪತ್ವಾಗಳನ್ನು ನಿರ್ಮೂಲ ಮಾಡುವುದು! ರಾಜನನ್ನು ಇಳಿಸಿ ಎಲ್ಲರೂ ಸಮಾನರು ಎಂದವರಿಗೆ ಎಲ್ಲ ಭಾಷೆಗಳೂ ಸಮಾನ ಎನ್ನಲು ಬಾಯಿ ಬರಲಿಲ್ಲ.

ಆದರೂ ವರದಿಯಿಂದ ಭಾಷೆ ಹೋಗುವುದಿಲ್ಲ. ಅದಕ್ಕೆ ಶಾಲೆ ಬೇಕು. 1881ರಲ್ಲಿ ಮಂತ್ರಿ ಜೂಲ್ ಫೆರಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮಾಡಿದ. 1882ರಲ್ಲಿ 6ರಿಂದ 13 ವರ್ಷದ ಮಕ್ಕಳಿಗೆಲ್ಲ ಅದನ್ನು ಕಡ್ಡಾಯ ಮಾಡಿದ. ಬಡವರ ಮಕ್ಕಳಿಗೆ ಅಕ್ಷರ ಕೊಟ್ಟ ಕಾನೂನು ಅದು, ಆ ಪುಣ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಶಾಲೆಯ ಬಾಗಿಲಿನೊಳಗೆ ಫ್ರೆಂಚಿಗೆ ಮಾತ್ರ ಪ್ರವೇಶ. ಅನೇಕ ಶಾಲೆಗಳಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೈಗೆ ಅಥವಾ ಕೊರಳಿಗೆ ಒಂದು ಮರದ ತುಂಡೋ ಬಿಲ್ಲೆಯೋ ಹಾಕುವುದು. ಇನ್ನೊಂದು ಮಗು ಮನೆಮಾತು ಆಡಿದ್ದನ್ನು ಹಿಡಿದುಕೊಟ್ಟರೆ ಆ ತುಂಡು ಅದಕ್ಕೆ ದಾಟುತ್ತದೆ. ಸಂಜೆ ಗಂಟೆ ಹೊಡೆದಾಗ ಅದು ಯಾರ ಬಳಿ ಇದೆಯೋ ಅವರಿಗೆ ಶಿಕ್ಷೆ. ಕನ್ನಡ ಮಾತಾಡಿದರೆ ದಂಡ ಹಾಕುವ ಇಂಗ್ಲಿಷ್ ಮಾಧ್ಯಮ ಶಾಲೆಗಳ ಸುದ್ದಿ ಕೇಳಿದವರಿಗೆ ಇದು ಹೊಸದಲ್ಲ. ಇದರಲ್ಲಿ ಏಟಿಗಿಂತ ಕೆಟ್ಟದ್ದು ಮಗು ಮಗುವಿನ ಮೇಲೆ ಗೂಢಚಾರ ಆಗುವುದು, ಅಮ್ಮ ಕಲಿಸಿದ ಮಾತು ತಪ್ಪು ಎಂದು ಮನಸ್ಸಿಗೆ ಇಳಿಯುವುದು.

ಈಗ ಟೊಪ್ಪಿಯ ಹುಡುಗನನ್ನು ನೆನೆಯಿರಿ. 1888ರಲ್ಲಿ ಕಮೀಯ್‌ಗೆ 11 ವರ್ಷ. ಕಡ್ಡಾಯ ಶಾಲೆಯ ವಯಸ್ಸು. ಅಪ್ಪ ಅಮ್ಮ ಇಬ್ಬರೂ ಲಂಬೆಸ್ಕಿನವರು, ಪ್ರೊವೆನ್ಸಾಲ್ ಊರುಮಾತಾಗಿದ್ದ ಕಡೆಯವರು. ಅಪ್ಪನ ನೌಕರಿ ಸರ್ಕಾರದ್ದು, ಅದರ ಭಾಷೆ ಫ್ರೆಂಚ್. ಹುಡುಗನ ಶಾಲೆ ಫ್ರೆಂಚ್. ಚಿತ್ರದ ಬಲಗಡೆ ಸೇತುವೆಯ ಮೇಲೆ ಹೋಗುವ ರೈಲು ಹೊತ್ತು ತರುತ್ತಿದ್ದ ಪತ್ರಿಕೆಯೂ ಫ್ರೆಂಚ್. ಎರಡು ಸೇತುವೆಗಳ ನಡುವಿನ ಒಂದು ಮನೆಯಲ್ಲಿ ಎರಡು ತಲೆಮಾರು ಎರಡು ಭಾಷೆಯ ಹೊಸ್ತಿಲಲ್ಲಿ ನಿಂತಿದ್ದವು. ಬಣ್ಣ ಹಾಕುವವನಿಗೆ ಇದು ಕಾಣಿಸದು. ಬೀದಿಯವರಿಗೂ ಕಾಣಿಸಿರಲಾರದು. ಎಲ್ಲರೂ ಆಡುತ್ತಿರುವ ಮಾತು ಹೋಗಿಬಿಡುತ್ತದೆ ಎಂದು ಯಾರಿಗೆ ಅನಿಸೀತು?

ಪರಭಾಷೆಯ ಒಬ್ಬ ಬಾಡಿಗೆದಾರ

ವ್ಯಾನ್ ಗೋ ಕೂಡ ಆ ಬೀದಿಗೆ ಪರಭಾಷೆಯವನೇ. ಹಾಲೆಂಡಿನ ಹಳ್ಳಿಯೊಂದರಲ್ಲಿ 1853ರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ. ಮನೆಮಾತು ಡಚ್. ಚಿತ್ರಕಾರನಾಗುವ ಮೊದಲು 1876ರಲ್ಲಿ ಇಂಗ್ಲೆಂಡಿನಲ್ಲಿ ಶಾಲೆಯ ಸಹಾಯಕ ಮಾಸ್ತರನಾಗಿದ್ದವನು, ಹಾಗಾಗಿ ನಮ್ಮ ವೃತ್ತಿಬಾಂಧವ! ಪ್ಯಾರಿಸ್ಸಿನಲ್ಲಿ ಎರಡು ವರ್ಷ ಇದ್ದು, 1888ರ ಫೆಬ್ರವರಿ 20ರಂದು ಆರ್ಲ್‌ಗೆ ಬಂದಿಳಿದಾಗ ನೆಲದ ಮೇಲೆ ಹಿಮ ಬಿದ್ದಿತ್ತು. ಮೇ ತಿಂಗಳಲ್ಲಿ ಹಳದಿ ಮನೆಯನ್ನು ತಿಂಗಳಿಗೆ 15 ಫ್ರಾಂಕ್ ಬಾಡಿಗೆಗೆ ಹಿಡಿದ. ಅಲ್ಲಿಂದ ತಮ್ಮನಿಗೆ ಬರೆದ ಕಾಗದಗಳೆಲ್ಲ ಫ್ರೆಂಚಿನಲ್ಲಿವೆ. ಒಂದೇ ತಾಯಿಯ ಮಕ್ಕಳಾದ ಇಬ್ಬರು ಡಚ್ಚರು ಒಬ್ಬರಿಗೊಬ್ಬರು ಫ್ರೆಂಚಿನಲ್ಲಿ ಬರೆದುಕೊಳ್ಳುವುದು! ಹೊಟ್ಟೆಪಾಡು ಮನುಷ್ಯನ ಭಾಷೆಯನ್ನು ಎಲ್ಲೆಲ್ಲಿಗೆ ಕೊಂಡೊಯ್ಯುತ್ತದೆ ನೋಡಿ. ಬೀದಿಯ ಪ್ರೊವೆನ್ಸಾಲ್ ಮಾತ್ರ ಅವನಿಗೆ ತುಣುಕು ತುಣುಕಾಗಿ ಕಿವಿಗೆ ಬೀಳುವ ಭಾಷೆ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇವೆ. ಕಲಾವಿದರೆಲ್ಲ ಕೂಡಿ ಬಾಳುವ ಮನೆ ಮಾಡಬೇಕೆಂಬ ಆಸೆಯಿಂದ ಅವನು ಚಿತ್ರಕಾರ ಗೊಗೇನ್‌ನನ್ನು ಕರೆಸಿಕೊಂಡ. ಗೊಗೇನ್ ಅಕ್ಟೋಬರ್ 23ರಂದು ಬಂದ. ಎರಡು ತಿಂಗಳು ತುಂಬುವಷ್ಟರಲ್ಲಿ ಜಗಳವಾಯಿತು. ಡಿಸೆಂಬರ್ 23ರ ರಾತ್ರಿ ಬುದ್ಧಿ ಕದಡಿದ ವ್ಯಾನ್ ಗೋ ತನ್ನ ಕಿವಿಯನ್ನೇ ಕತ್ತರಿಸಿಕೊಂಡು ಆಸ್ಪತ್ರೆ ಸೇರಿದ.

ಆಮೇಲಿನ ಎರಡು ಘಟನೆಗಳನ್ನು ಮಾತ್ರ ನಿಧಾನವಾಗಿ ನೋಡಬೇಕು.

ಮೊದಲನೆಯದು 1889ರ ಜನವರಿ ಕೊನೆಯದು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ವ್ಯಾನ್ ಗೋ ಊರಿನ ನಾಟಕಶಾಲೆಗೆ ಒಂದು ಆಟ ನೋಡಲು ಹೋದ. ಆಡಿದವರು ಒಂದು ಪ್ರೊವೆನ್ಸಾಲ್ ಸಾಹಿತ್ಯ ಸಂಘದವರು. ಆಟದ ಹೆಸರು "ಪಾಸ್ತುರಾಲ್". ಯೇಸುವಿನ ಜನನದ ಕಥೆಯನ್ನು ಆ ಸೀಮೆಯ ರೈತ ಕುಟುಂಬವೊಂದರ ನಗೆಪಾಟಲಿನ ಕಥೆಯ ಜೊತೆ ಹೆಣೆದು ಆಡುವ ಜನಪದ ನಾಟಕ. ನಮ್ಮ ಯಕ್ಷಗಾನದಲ್ಲಿ ಪುರಾಣದ ನಡುವೆ ಹಾಸ್ಯಗಾರ ಬಂದು ಊರಿನ ಮಾತು ಆಡುವುದಿಲ್ಲವೇ, ಹಾಗೆ. ಅದರಲ್ಲಿ ಗಯ್ಯಾಳಿ ಮುದುಕಿಯೊಬ್ಬಳು ಗೋದಲಿಯ ಮುಂದೆ ನಿಂತು ಹಾಡತೊಡಗಿದಾಗ ಅವಳ ಧ್ವನಿಯೇ ಬದಲಾಗಿ ಮಗುವಿನ ಧ್ವನಿಯಂತಾಯಿತು ಎಂದು ವ್ಯಾನ್ ಗೋ ತಮ್ಮನಿಗೆ ಬರೆದ. ಕೆಟ್ಟ ಕನಸು ಬೀಳದೆ ತಾನು ಮೊದಲ ಬಾರಿಗೆ ಮಲಗಿದ್ದು ಆಗಲೇ ಎಂದೂ ಅದೇ ಕಾಗದದಲ್ಲಿ ಬರೆದ. ಫ್ರೆಂಚರ ಶಾಲೆಯಲ್ಲಿ ಪತ್ವಾ ಎನಿಸಿಕೊಂಡ ಮಾತಿನ ಆಟವೊಂದು, ಆ ಮಾತು ಅರ್ಧಂಬರ್ಧ ತಿಳಿದ ಪರದೇಶಿ ರೋಗಿಗೆ ಅಷ್ಟು ಸಮಾಧಾನ ಕೊಟ್ಟಿತು.

ಇಂಥ ನಾಟಕಗಳಲ್ಲಿ ಒಂದು ವಾಡಿಕೆಯಿತ್ತು. ಕುರುಬರು, ರೈತರು, ಮುದುಕಿಯರು ಪ್ರೊವೆನ್ಸಾಲಿನಲ್ಲಿ ಮಾತಾಡುತ್ತಾರೆ, ದೇವದೂತರು ಫ್ರೆಂಚಿನಲ್ಲಿ! ನಮ್ಮ ಹಳೆಯ ಸಂಸ್ಕೃತ ನಾಟಕಗಳಲ್ಲಿ ರಾಜನಿಗೆ ಸಂಸ್ಕೃತ, ಹೆಂಗಸರಿಗೆ ಆಳುಗಳಿಗೆ ಪ್ರಾಕೃತ ಇದ್ದಂತೆಯೇ ಇದು. ನಗಿಸಲು ನಮ್ಮ ಮಾತು, ಪೂಜಿಸಲು ಅವರ ಮಾತು ಎಂದು ಜನ ತಾವೇ ಒಪ್ಪಿಕೊಂಡರೆ ಹೊರಗಿನವರು ಬಂದು ಮಾಡಬೇಕಾದ ಕೆಲಸ ಅರ್ಧ ಮುಗಿದಂತೆ.

ಎರಡನೆಯ ಘಟನೆ ಆದದ್ದು ಅದಾದ ತಿಂಗಳೊಳಗೆ. ಅವನಿಗೆ ರೋಗ ಮರುಕಳಿಸಿತು. ಬೀದಿಯ ಸುಮಾರು 30 ಮಂದಿ ಸಹಿ ಹಾಕಿ ಊರಿನ ಮೇಯರನಿಗೆ ಅರ್ಜಿ ಕೊಟ್ಟರು. ಈ ಹಾಲೆಂಡಿನ ಚಿತ್ರಕಾರ ಅಪಾಯದ ಮನುಷ್ಯ, ಊರಿಗೆ ಕಳಿಸಿ ಇಲ್ಲವೇ ಆಸ್ಪತ್ರೆಗೆ ಸೇರಿಸಿ ಎಂದು. ಅರ್ಜಿಯಲ್ಲಿ ಅವನ ಹೆಸರನ್ನೂ ಸರಿಯಾಗಿ ಬರೆದಿರಲಿಲ್ಲ. ಅರ್ಜಿಯ ಹಿಂದೆ ಇದ್ದವರು ಮನೆಯ ಉಸ್ತುವಾರಿ ಏಜೆಂಟನೂ ಪಕ್ಕದ ದಿನಸಿ ಅಂಗಡಿಯವನೂ ಎಂದು ಇತ್ತೀಚಿನ ಸಂಶೋಧನೆ ಹೇಳುತ್ತದೆ. ಚಿತ್ರದಲ್ಲಿ ಹಳದಿ ಬಿಸಿಲಲ್ಲಿ ಹೊಳೆಯುವ ಅದೇ ಅಂಗಡಿ! ಪೊಲೀಸರು ಬಂದು ಮನೆಗೆ ಬೀಗ ಜಡಿದರು. ಮಾರ್ಚಿಯಲ್ಲಿ ಗೆಳೆಯ ಸಿನ್ಯಾಕ್ ನೋಡಲು ಬಂದಾಗ ಬೀಗ ಮುರಿದೇ ಒಳಗೆ ಹೋಗಬೇಕಾಯಿತು. ರೂಲ್ಯಾಂ ಕುಟುಂಬ ಮಾತ್ರ ಅವನನ್ನು ಕೊನೆಯವರೆಗೂ ಸ್ನೇಹಿತನೆಂದೇ ಕಂಡಿತು. ಮೇ 8ರಂದು ಅವನು ಸೇಂಟ್ ರೆಮಿ ಎಂಬ ಊರಿನ ಮನೋರೋಗಿಗಳ ಆಸ್ಪತ್ರೆಗೆ ಹೋದ. 1890ರ ಜುಲೈ 29ರಂದು ಪ್ಯಾರಿಸ್ಸಿನ ಹತ್ತಿರದ ಹಳ್ಳಿಯಲ್ಲಿ ತೀರಿಕೊಂಡ.

ಬೀದಿಯನ್ನು ಪ್ರೀತಿಯಿಂದ ಕಂಡವನನ್ನು ಬೀದಿಯೇ ಹೊರಗೆ ಹಾಕಿತು ಎಂದು ಬಯ್ಯುವುದು ಸುಲಭ. ಆದರೆ ಹೆದರಿಕೆಯೂ ನಿಜವಾದದ್ದೇ. ಪಕ್ಕದ ಮನೆಯಲ್ಲಿ ಅಂಥ ಘಟನೆ ನಡೆದರೆ ನಮ್ಮ ಬೀದಿ ಏನು ಮಾಡುತ್ತಿತ್ತು ಎಂದು ಮಕ್ಕಳೊಡನೆ ಚರ್ಚೆ ಮಾಡಬಹುದು. ಉತ್ತರ ಸುಲಭವಲ್ಲ.

ಮಾತನ್ನು ಕೂಡಿಡಲು ಹೊರಟವನು

ವ್ಯಾನ್ ಗೋ ಇದ್ದ ಸೇಂಟ್ ರೆಮಿಯಿಂದ ಏಳೆಂಟು ಕಿಲೋಮೀಟರ್, ಆರ್ಲ್‌ನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಮಯಾನ್ ಎಂಬ ಹಳ್ಳಿ. ಅಲ್ಲಿ ಆಗ ಒಬ್ಬ ಕವಿ ಬದುಕಿದ್ದ. ಹೆಸರು ಫ್ರೆಡರಿಕ್ ಮಿಸ್ತ್ರಾಲ್, ಹುಟ್ಟಿದ್ದು 1830ರಲ್ಲಿ. ಚಿತ್ರಕಾರ ಬೀದಿಯ ಬಣ್ಣ ಹಿಡಿಯುತ್ತಿದ್ದ ಕಾಲಕ್ಕೆ ಈ ಕವಿ ಬೀದಿಯ ಮಾತು ಹಿಡಿಯುವ ಕೆಲಸದಲ್ಲಿದ್ದ.

ಇವನ ಮಾಸ್ತರು ಹಾಗೂ ಗೆಳೆಯ ರುಮಾನೀಯ್ ಪ್ರೊವೆನ್ಸಾಲಿನಲ್ಲಿ ಬರೆಯಲು ಶುರು ಮಾಡಿದ ಕಾರಣ ಕೇಳಿದರೆ ಮನಸ್ಸು ಮುಟ್ಟುತ್ತದೆ. ತಾನು ಬರೆದ ಫ್ರೆಂಚ್ ಪದ್ಯಗಳು ತನ್ನ ತಾಯಿಗೆ ಅರ್ಥವಾಗಲಿಲ್ಲ, ಅದಕ್ಕೇ ಅವಳ ಭಾಷೆಗೆ ತಿರುಗಿದೆ ಎಂದು ಅವನು ಹೇಳುತ್ತಿದ್ದನಂತೆ. 1854ರ ಮೇ 21ರಂದು ಏಳು ಕವಿಗಳು ಕೂಡಿ "ಫೆಲಿಬ್ರೀಜ್" ಎಂಬ ಕೂಟ ಕಟ್ಟಿದರು. 1859ರಲ್ಲಿ ಮಿಸ್ತ್ರಾಲ್‌ನ "ಮಿರೇಯೊ" ಕಾವ್ಯ ಬಂತು, ಪ್ಯಾರಿಸ್ ಕೂಡ ಬೆರಗಾಯಿತು. ಆಮೇಲೆ ಅವನು ಪ್ರೊವೆನ್ಸಾಲ್-ಫ್ರೆಂಚ್ ನಿಘಂಟಿಗೆ ಕೂತ. 1886ಕ್ಕೆ ಅದರ ಎರಡು ಸಂಪುಟಗಳೂ ಹೊರಬಂದವು. ಪದದ ಜೊತೆ ಗಾದೆ, ಊರ ಹೆಸರು, ಬೇರೆ ಬೇರೆ ಕಡೆಯ ಉಚ್ಚಾರ ಎಲ್ಲ ಅದರಲ್ಲಿವೆ. ಹಳದಿ ಮನೆಯ ಚಿತ್ರಕ್ಕೂ ಈ ನಿಘಂಟಿಗೂ ಎರಡೇ ವರ್ಷದ ಅಂತರ. ಒಂದನ್ನು ಗೋಡೆಗೆ ತೂಗುಹಾಕಿ ಇನ್ನೊಂದನ್ನು ಮೇಜಿನ ಮೇಲೆ ತೆರೆದಿಟ್ಟರೆ ಆ ಬೀದಿ ಪೂರ್ತಿಯಾದಂತೆ.

1904ರಲ್ಲಿ ಮಿಸ್ತ್ರಾಲ್‌ಗೆ ನೊಬೆಲ್ ಪ್ರಶಸ್ತಿ ಬಂತು, ಸ್ಪೇನಿನ ಎಚೆಗರಾಯ್ ಜೊತೆ ಹಂಚಿಕೆಯಾಗಿ. ತನ್ನದೇ ರಾಜ್ಯವಾಗಲಿ ಸರ್ಕಾರವಾಗಲಿ ಇಲ್ಲದ ಭಾಷೆಯೊಂದರ ಕವಿಗೆ, ನಮ್ಮ ರವೀಂದ್ರನಾಥ ಠಾಕೂರರಿಗಿಂತ ಒಂಬತ್ತು ವರ್ಷ ಮೊದಲು! ಅವನು ಆ ಹಣವನ್ನು ಆರ್ಲ್ ಊರಿನ "ಮ್ಯುಜೆಯೋನ್ ಆರ್ಲಾತೆನ್" ಎಂಬ ವಸ್ತುಸಂಗ್ರಹಾಲಯಕ್ಕೆ ಸುರಿದ. 1899ರಲ್ಲಿ ಅವನೇ ಗೆಳೆಯರೊಡನೆ ತೆರೆದಿದ್ದ ಸಂಗ್ರಹ ಅದು. ರಾಜರ ಕತ್ತಿಗಳು ಅಲ್ಲಿಲ್ಲ. ತೊಟ್ಟಿಲು, ನಾದುವ ಹಲಗೆ, ಹೆಂಗಸರ ಉಡುಪು, ಕ್ರಿಸ್‌ಮಸ್ ರಾತ್ರಿಯ ಊಟದ ಮೇಜು, ಬಾಣಂತಿಯ ಕೋಣೆ ಇವೆ. ವಸ್ತುಗಳ ಚೀಟಿಗಳನ್ನು ಮಿಸ್ತ್ರಾಲ್ ತನ್ನ ಕೈಯಾರೆ ಪ್ರೊವೆನ್ಸಾಲಿನಲ್ಲಿ ಬರೆದ. 2021ರಲ್ಲಿ ಅದು ನವೀಕರಣಗೊಂಡು ಮತ್ತೆ ತೆರೆದಿದೆ.

ಕಾವ್ಯ ಇತ್ತು, ನಿಘಂಟು ಇತ್ತು, ನೊಬೆಲ್ ಇತ್ತು, ವಸ್ತುಸಂಗ್ರಹಾಲಯ ಇತ್ತು. ಒಂದು ಭಾಷೆಗೆ ಇನ್ನೇನು ಬೇಕು ಎನ್ನುತ್ತೀರಾ?

ಶಾಲೆ ಇರಲಿಲ್ಲ. ಮಿಸ್ತ್ರಾಲ್ 1914ರ ಮಾರ್ಚಿಯಲ್ಲಿ ತೀರಿಕೊಂಡ. ಅದೇ ವರ್ಷ ಮಹಾಯುದ್ಧ ಬಂತು, ಹಳ್ಳಿ ಹುಡುಗರೆಲ್ಲ ಫ್ರೆಂಚ್ ಆಜ್ಞೆಗಳ ಸೈನ್ಯಕ್ಕೆ ಹೋದರು. ಆಮೇಲೆ ರೇಡಿಯೋ ಬಂತು. ಶಾಲೆಯಲ್ಲಿ ನಾಚಿಕೆ ಕಲಿತ ಮಕ್ಕಳು ತಾವೇ ತಂದೆತಾಯಿಯಾದಾಗ ತಮ್ಮ ಮಕ್ಕಳೊಡನೆ ಫ್ರೆಂಚ್ ಆಡತೊಡಗಿದರು. ಅವರು ಮಾಡಿದ್ದು ಮಕ್ಕಳ ಒಳ್ಳೆಯದಕ್ಕೇ. ಶಾಲೆಯಲ್ಲಿ ಈ ಭಾಷೆಗಳನ್ನು ಕಲಿಸಲು ಕಾನೂನಿನ ಅನುಮತಿ ಸಿಕ್ಕಿದ್ದು 1951ರಲ್ಲಿ, ಅದೂ ಐಚ್ಛಿಕವಾಗಿ. 1979ರಲ್ಲಿ "ಕಲಾಂದ್ರೆತಾ" ಎಂಬ ಒಕ್ಸಿತಾನ್ ಮಾಧ್ಯಮದ ಶಾಲೆಗಳನ್ನು ಜನರೇ ಶುರು ಮಾಡಿದರು. 2008ರಲ್ಲಿ ಫ್ರಾನ್ಸಿನ ಸಂವಿಧಾನ ಪ್ರಾದೇಶಿಕ ಭಾಷೆಗಳನ್ನು ದೇಶದ ಪರಂಪರೆ ಎಂದು ಕರೆಯಿತು. ಆದರೆ 2021ರಲ್ಲಿ ಪ್ರಾದೇಶಿಕ ಭಾಷೆಯ ಮಾಧ್ಯಮದಲ್ಲೇ ಸರ್ಕಾರಿ ಶಾಲೆಗಳಲ್ಲಿ ಕಲಿಸಲು ಅವಕಾಶ ಕೊಡುವ ಕಾನೂನು ಬಂದಾಗ, ಆ ಅಂಶ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು ಅಲ್ಲಿನ ಸಂವಿಧಾನ ಮಂಡಳಿ ಮೇ 21ರಂದು ತಳ್ಳಿಹಾಕಿತು. ಪ್ರೊವೆನ್ಸಾಲ್ ಈಗ ಯುನೆಸ್ಕೋದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿದೆ.

ಹಳದಿ ಮನೆಯೂ ಈಗ ಇಲ್ಲ. 1944ರ ಜೂನ್ 25ರಂದು ಮಿತ್ರರಾಷ್ಟ್ರಗಳ ವಿಮಾನಗಳು ಆರ್ಲ್ ಮೇಲೆ ಬಾಂಬು ಹಾಕಿದಾಗ ಅದಕ್ಕೆ ಪೆಟ್ಟು ಬಿತ್ತು, ಆಮೇಲೆ ಕೆಡವಿದರು. ಹಿಂದಿನ ಎತ್ತರದ ಕಟ್ಟಡ ಉಳಿದಿದೆ. ಪ್ರವಾಸಿಗರು ಬಂದು ಚಿತ್ರದ ಪ್ರತಿಯಿರುವ ಫಲಕದ ಮುಂದೆ ನಿಲ್ಲುತ್ತಾರೆ, ಇಲ್ಲದ ಮನೆಯನ್ನು ನೋಡುತ್ತಾರೆ. ಮನೆ ಬಿದ್ದ ತಾರೀಖು ಎಲ್ಲರಿಗೂ ಗೊತ್ತು. ಬೀದಿಯ ಮಾತು ಬಿದ್ದ ತಾರೀಖು ಯಾವ ಫಲಕದಲ್ಲೂ ಇಲ್ಲ, ಯಾಕೆಂದರೆ ಅದು ಸದ್ದು ಮಾಡದೆ, ಮನೆಯಿಂದ ಮನೆಗೆ, ಒಂದೊಂದು ಮಗುವಾಗಿ ಹೋಯಿತು.

ನಮ್ಮ ಬೀದಿ

ಹೋಲಿಕೆಯನ್ನು ಎಳೆದಾಡಬಾರದು. ಕನ್ನಡ ಪ್ರೊವೆನ್ಸಾಲ್ ಅಲ್ಲ. ಕೋಟಿಗಟ್ಟಲೆ ಜನರ ಭಾಷೆ, ಬೆನ್ನಿಗೆ ಒಂದು ರಾಜ್ಯವಿದೆ. ಗಡಿಯ ಈಚೆಗಿರುವ ನಮಗೂ ಕಮೀಯ್‌ಗೆ ಇಲ್ಲದ ಒಂದು ಆಸರೆಯಿದೆ. ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ನಮ್ಮ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಕರ್ಯ ಕಲ್ಪಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಕಾನೂನು ಬಾಗಿಲು ತೆರೆದಿಟ್ಟಿದೆ. ಒಳಗೆ ಮಕ್ಕಳು ಬರುತ್ತಾರೋ ಇಲ್ಲವೋ ಎಂಬುದು ನಮ್ಮ ಮನೆಗಳಿಗೆ ಬಿಟ್ಟದ್ದು.

ಸಪ್ತಭಾಷೆಗಳ ನಾಡು ಎನಿಸಿಕೊಂಡ ನಮ್ಮ ಸೀಮೆಯಲ್ಲಿ ಒಂದೇ ಪೇಟೆಬೀದಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲ ಕೇಳುತ್ತವೆ. ಇದರಲ್ಲಿ ಒಂದನ್ನು ಇನ್ನೊಂದರ ಮೇಲೆ ಎತ್ತಿಕಟ್ಟುವುದು ನಮ್ಮ ಉದ್ದೇಶವಲ್ಲ. ಆದರೆ ಇವತ್ತು ಫೋನಿನಲ್ಲಿ ಬೀದಿಯ ಚಿತ್ರ ತೆಗೆಯುವವರು ಸಾವಿರ ಜನ, ಬೀದಿಯ ಮಾತು ಬರೆದಿಡುವವರು ಕಡಿಮೆ. ಈ ಕೆಲಸಕ್ಕೆ ನೊಬೆಲ್ ಬೇಕಿಲ್ಲ, ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು.

ಐದನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಹೀಗೆ ಮಾಡಿಸಬಹುದು. ಎಡಗಡೆಯ ಪುಟದಲ್ಲಿ ತಮ್ಮ ಬೀದಿಯ ಚಿತ್ರ ಬರೆಯಲಿ. ನೀರು ಬಣ್ಣ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪೆನ್ಸಿಲ್ ಸಾಕು. ಅಂದವಾದ ಜಾಗ ಹುಡುಕಬೇಕಿಲ್ಲ, ದಿನಸಿ ಅಂಗಡಿಯೇ ಇರಲಿ. ಬಲಗಡೆಯ ಪುಟದಲ್ಲಿ ಆ ಬೀದಿಯಲ್ಲಿ ಕೇಳಿದ ಮಾತು ಬರೆಯಲಿ. ಮೀನು ಮಾರುವವರು ಹೇಗೆ ಕೂಗುತ್ತಾರೆ? ಅಜ್ಜಿ ಯಾರನ್ನು ಯಾವ ಭಾಷೆಯಲ್ಲಿ ಮಾತಾಡಿಸುತ್ತಾಳೆ? ಅಂಗಡಿ ಹಲಗೆ ಯಾವ ಲಿಪಿಯಲ್ಲಿದೆ? ಅಜ್ಜ ಹೇಳುವ, ಅಪ್ಪ ಹೇಳದ ಪದ ಯಾವುದು? ಚಿತ್ರದಲ್ಲಿ ಹಿಡಿಸದೆ ಹೊರಗುಳಿದದ್ದು ಯಾವುದು ಎಂದು ವ್ಯಾನ್ ಗೋ ಕಾಗದದಲ್ಲಿ ಬರೆದಂತೆ ಅದನ್ನೂ ಎರಡು ಸಾಲು ಬರೆಯಲಿ.

ಕೆಳಗೆ ಊರಿನ ಹೆಸರು ಮತ್ತು ತಾರೀಖು ಹಾಕಿಸಲು ಮಾಸ್ತರರು ಮರೆಯಬಾರದು. ವರ್ಷಕ್ಕೊಮ್ಮೆ ಆ ನೋಟ್‌ಬುಕ್‌ಗಳನ್ನು ಶಾಲೆಯ ಬೀರುವಿನಲ್ಲಿ ಕಟ್ಟಿಡಿ, ಮಾರಿಬಿಡಬೇಡಿ. ಐವತ್ತು ವರ್ಷದ ನಂತರ ಯಾರಾದರೂ ಬಂದು ಈ ಬೀದಿ ಯಾವ ಭಾಷೆ ಮಾತಾಡುತ್ತಿತ್ತು ಎಂದು ಕೇಳಿದರೆ ತೆಗೆದು ತೋರಿಸಲು ಬೇಕಾಗುತ್ತದೆ.